ಎಡಗಡೆ ಕೂತಿದ್ದವಳು

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ನಾವಿದ್ದ ಎಸ್ಟೇಟಿನಲ್ಲಿ ಇಂಥ ಕತೆಗಳಿಗೆ ಬರವೇನೂ ಇರಲಿಲ್ಲ. ನೀರು ಹರಿಯುವ ತೋಡಿನ ಪಕ್ಕದ ಅತ್ತಿಮರದಲ್ಲಿ ಒಬ್ಬಳಿದ್ದಾಳೆ, ಹಳೇ ಗೋಡೌನಿನಲ್ಲಿ ಸಂಜೆಯಾದರೆ ಯಾರೋ ಕೆಮ್ಮುತ್ತಾರೆ ಎಂದು ಲೈನುಮನೆಗಳಲ್ಲಿದ್ದ ತೋಟದ ಕೆಲಸದವರು ಹೇಳುತ್ತಿದ್ದರು. ಅಪ್ಪ ಅದಕ್ಕೆ, “ಕೆಮ್ಮೋದು ಪುನುಗಿನ ಬೆಕ್ಕು. ಹೋಗಿ ನೋಡ್ರಿ, ಕಾಫಿ ಹಣ್ಣು ತಿಂದು ಹಿಕ್ಕೆಯಲ್ಲಿ ಬೀಜ ಬಿಟ್ಟಿರ್ತದೆ” ಎನ್ನುತ್ತಿದ್ದರು. ನಾನು ಅಪ್ಪನ ಮಗಳು. ಅಂಥ ಮಾತು ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ.

ಹಾಗೆಂದು ನಾನು ಧೈರ್ಯವಂತೆ ಎಂದುಕೊಳ್ಳಬೇಡಿ. ನನಗೆ ಭೂತದ ಭಯವಿರಲಿಲ್ಲ, ಮನುಷ್ಯರ ಭಯವಿತ್ತು. ಕ್ಲಾಸಿನಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಬಾಯಿ ತೆರೆಯದೆ ಕೈ ಮಾತ್ರ ಎತ್ತುತ್ತಿದ್ದೆ. ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ “ನಿಲ್ಲಿಸಿ” ಎನ್ನಲಾಗದೆ ಮುಂದಿನ ಸ್ಟಾಪಿನಲ್ಲಿ ಯಾರೋ ಇಳಿಯುವಾಗ ಅವರ ಜೊತೆ ಇಳಿದು, ನಡೆದು ವಾಪಸ್ಸು ಬಂದಿದ್ದೇನೆ. ಮೈಸೂರಿನಲ್ಲಿ ಹಾಗೂ ಹೀಗೂ ಡಿಗ್ರಿ ಮುಗಿಸಿದೆ. ಒಂದು ಇಂಟರ್‌ವ್ಯೂಗೆ ಹೋಗಿ, ಹೊರಗಿನ ಬೆಂಚಿನಲ್ಲಿ ಎರಡು ಗಂಟೆ ಕೂತು, ನನ್ನ ಸರದಿ ಬರುವ ಮುಂಚೆ ಎದ್ದು ಬಂದೆ. ಆಮೇಲೆ ಮನೆಯಲ್ಲೇ ಇದ್ದೆ. ಆಗ ನನಗೆ ಇಪ್ಪತ್ತೆರಡು.

ನಮ್ಮ ಅಪ್ಪ ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕೆಲಸದವರ ಹಾಜರಿ ಬರೆಯುವುದು, ಯಾವ ತೋಟಕ್ಕೆ ಯಾರು ಎಂದು ಹಂಚುವುದು, ಪಿಕ್ಕಿಂಗ್ ಸಮಯದಲ್ಲಿ ಸಂಜೆ ಹಣ್ಣು ಅಳೆದುಕೊಳ್ಳುವುದು ಅವರ ಕೆಲಸ. ಮೂಲತಃ ನಾವು ಹಾಸನದ ಕಡೆಯವರು. ಅಜ್ಜ ಕುಶಾಲನಗರದ ಹತ್ತಿರ ಬಂದು ನೆಲೆಸಿದ್ದು, ಅಪ್ಪ ಅಲ್ಲಿಂದ ಎಸ್ಟೇಟಿಗೆ ಬಂದದ್ದು. ನಮಗೆ ಕೊಟ್ಟ ಕ್ವಾರ್ಟರ್ಸು ಲೈನುಮನೆಗಳಿಂದ ಸ್ವಲ್ಪ ಮೇಲಕ್ಕೆ, ಜೀಪು ನಿಲ್ಲಿಸುವ ಶೆಡ್ಡಿನ ಪಕ್ಕದಲ್ಲಿತ್ತು.

ಎಸ್ಟೇಟಿನ ಆ ಜೀಪು ಓಡಿಸುವುದನ್ನು ನನಗೆ ಕಲಿಸಲು ಅಪ್ಪ ಒಮ್ಮೆ ಪ್ರಯತ್ನಪಟ್ಟಿದ್ದರು. ಕಾಫಿ ಒಣಗಿಸುವ ಕಣದಲ್ಲಿ ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿ ಕ್ಲಚ್ಚು, ಬ್ರೇಕು ತೋರಿಸಿದರು. ಜೀಪು ಒಮ್ಮೆ ಜಿಗಿದು, ಮಡಚಿಟ್ಟಿದ್ದ ಟಾರ್ಪಾಲಿನ ಮೇಲೆ ಹತ್ತಿ ನಿಂತಿತು. ನಾನು ಇಳಿದು ಮನೆಗೆ ಓಡಿದೆ. ಅಪ್ಪ ಬೈಯಲಿಲ್ಲ. “ಇನ್ನೊಂದು ದಿನ ಕಲಿಯೋಣ ಬಿಡು ಮಗಾ” ಎಂದರು. ಆ ಇನ್ನೊಂದು ದಿನ ಬರದಂತೆ ನಾನು ನೋಡಿಕೊಂಡೆ.

ಈಗ ನಡೆದದ್ದನ್ನು ಹೇಳುತ್ತೇನೆ. ಕೊಯ್ಲು ಮುಗಿದು, ಹೂವಿಗೆಂದು ತೋಟಕ್ಕೆ ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸುವ ಕಾಲ. ಭಾನುವಾರ. ಲೈನಿನವರೆಲ್ಲ ಸಂತೆಗೆ ಹೋಗಿದ್ದರು. ಎಸ್ಟೇಟಿನ ಸಾಹುಕಾರರ ಮನೆಗೆ ಬೀಗ. ಜೀಪಿನ ಡ್ರೈವರ್ ರಜೆಯಲ್ಲಿದ್ದ. ಮಧ್ಯಾಹ್ನ ಊಟ ಮಾಡಿ ಅಪ್ಪ, ಕೆಳಗಿನ ತೋಟದಲ್ಲಿ ಪೈಪು ಕಳಚಿದೆಯೋ ಏನೋ ನೋಡಿ ಬರುತ್ತೇನೆಂದು ಹೋದರು. ನಾನು ಜಗಲಿಯಲ್ಲಿ ಕೂತು ಹಳೇ ವಾರಪತ್ರಿಕೆ ಓದುತ್ತಿದ್ದೆ.

ಅರ್ಧ ಗಂಟೆಯಾಗಿರಬೇಕು. ಮೊದಲು ನಾಯಿ ಬೊಗಳಿತು. ಆಮೇಲೆ ಅಪ್ಪ ಕಂಡರು. ತಲೆಯ ಮೇಲೆ ಒದ್ದೆ ಗೋಣಿಚೀಲ ಹೊದ್ದು, ಒಂದು ಕೈ ಮುಂದೆ ಚಾಚಿ, ಕಣ್ಣು ಕಾಣದವರ ಹಾಗೆ ಬರುತ್ತಿದ್ದರು. ಹೆಜ್ಜೇನು ಎದ್ದಿತ್ತು. ದೊಡ್ಡ ಬಳಂಜಿ ಮರದಲ್ಲಿ ಕಟ್ಟಿದ್ದ ಹುಟ್ಟಿಗೆ ಗಿಡುಗ ಎರಗಿತೋ, ಸ್ಪ್ರಿಂಕ್ಲರಿನ ನೀರು ತಗುಲಿತೋ, ಯಾರಿಗೂ ತಿಳಿಯದು. ನೀರು ಚಿಮ್ಮುವ ಜಾಗದಲ್ಲಿ ಬಿದ್ದು ಹೊರಳಿ ಅಪ್ಪ ಹೇಗೋ ಹುಳುಗಳಿಂದ ತಪ್ಪಿಸಿಕೊಂಡು ಬಂದಿದ್ದರು. ಜಗಲಿಯ ಮೆಟ್ಟಿಲಲ್ಲಿ ಕೂತರು. ಅಮ್ಮ ಒಳಗಿನಿಂದ ಓಡಿ ಬಂದರು. ಮುಖ ನಮ್ಮ ಕಣ್ಣೆದುರೇ ಊದಿಕೊಳ್ಳುತ್ತಿತ್ತು. ಕಣ್ಣುಗಳು ಗೆರೆಯಾದವು. ಉಸಿರು ಎಳೆದುಕೊಂಡರೆ ಸಣ್ಣ ಸೀಟಿಯ ಹಾಗೆ ಶಬ್ದ.

ಅಮ್ಮನ ಕೂಗು ಕೇಳಿ ಲೈನಿನಿಂದ ಪಾರ್ವತಿ ಅಕ್ಕ ಕುಂಟುತ್ತಲೇ ಓಡಿ ಬಂದಳು. ಅವಳು ತಮಿಳಿನವಳು, ನನ್ನನ್ನು ಮುದ್ದಿನಿಂದ ‘ಕಣ್ಣು’ ಎನ್ನುವವಳು, ನಾನು ಹುಟ್ಟುವ ಮುಂಚಿನಿಂದ ಆ ತೋಟದಲ್ಲಿ ಕೆಲಸ ಮಾಡುತ್ತಿದ್ದವಳು. ಕಾಲು ನೋವೆಂದು ಅವತ್ತು ಸಂತೆಗೆ ಹೋಗಿರಲಿಲ್ಲ. ನಾನು ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ಹತ್ತಿರ ಓಡಿ ಫೋನು ಮಾಡಿದೆ. ಆಂಬುಲೆನ್ಸು ಬರಲು ಮುಕ್ಕಾಲು ಗಂಟೆಯಾದರೂ ಬೇಕೆಂದರು. ಡ್ರೈವರ್ ಫೋನೇ ಎತ್ತಲಿಲ್ಲ. ವಾಪಸ್ಸು ಬರುವಷ್ಟರಲ್ಲಿ ಅಪ್ಪ ಗೋಡೆಗೆ ಒರಗಿದ್ದರು. ತುಟಿಯ ಬಣ್ಣ ಬೇರೆಯಾಗಿತ್ತು.

ಅಮ್ಮ ನನ್ನನ್ನು ನೋಡಿ, “ಏನೇ ಹಂಗೆ ನಿಂತಿದೀಯಾ? ಏನಾದ್ರೂ ಮಾಡೇ!” ಎಂದು ಚೀರಿದರು.

ಜೀಪಿನ ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅದನ್ನು ತೆಗೆದುಕೊಂಡದ್ದು ನನಗೆ ನೆನಪಿಲ್ಲ. ಮೂವರೂ ಸೇರಿ ಅಪ್ಪನನ್ನು ಎತ್ತಿ ಜೀಪಿನ ಹಿಂದೆ ಮಲಗಿಸಿದ್ದು, ಅಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡದ್ದು ನೆನಪಿದೆ. ನಾನು ಸ್ಟೇರಿಂಗ್ ಮುಂದೆ ಕೂತೆ. ಕೀಲಿ ತಿರುಗಿಸಿದೆ. ಜೀಪು ಜಿಗಿದು ನಿಂತಿತು. ಮತ್ತೆ ತಿರುಗಿಸಿದೆ. ಮತ್ತೆ ನಿಂತಿತು. ಕೀಲಿಯ ಮೇಲಿಂದ ಬೆರಳು ಜಾರಿತು. ಅಳು ಬಂತು.

ಆಗ ಎಡಗಡೆಯ ಸೀಟು ಭಾರಕ್ಕೆ ಕುಸಿದ ಶಬ್ದ ಕೇಳಿತು. ಯಾರೋ ಕೂತರು.

“ಆಮೇಲೆ ಅಳು. ಈಗ ಕ್ಲಚ್ಚು ಪೂರ್ತಿ ಒತ್ತು” ಎಂದಳು.

ನಾನು ತಿರುಗಿ ನೋಡಲಿಲ್ಲ. ಪಾರ್ವತಿ ಅಕ್ಕ ಎಂದುಕೊಂಡೆ. ಬೇರೆ ಯಾರೂ ಅಲ್ಲಿರಲಿಲ್ಲವಲ್ಲ. ಕ್ಲಚ್ಚು ಒತ್ತಿ ಕೀಲಿ ತಿರುಗಿಸಿದೆ. ಗೇರಿನ ಮೇಲಿದ್ದ ನನ್ನ ಎಡಗೈ ಮೇಲೆ ಒಂದು ಕೈ ಬಂದು ಕೂತಿತು. ಒಣಗಿದ, ಬೆಚ್ಚಗಿನ ಅಂಗೈ. ಆ ಕೈ ನನ್ನ ಕೈಯನ್ನು ತೆಗೆದುಕೊಂಡು ಗೇರು ಹಾಕಿತು. “ಈಗ ಕಾಲು ಬಿಡು. ಉಸಿರು ಬಿಟ್ಟ ಹಾಗೆ ಬಿಡು, ನಿಧಾನ.” ಬಿಟ್ಟೆ. ಜೀಪು ಚಲಿಸಿತು.

ಎಸ್ಟೇಟಿನ ಗೇಟು ತೆರೆದಿತ್ತು. ಅಲ್ಲಿ ಯಾರೋ ಸೆರಗನ್ನು ತಲೆಗೆ ಸುತ್ತಿಕೊಂಡು ಪಕ್ಕಕ್ಕೆ ನಿಂತದ್ದು ಕಣ್ಣಂಚಿಗೆ ಕಂಡಿತು. ಯಾರೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಲ್ಲಿಂದ ಆಸ್ಪತ್ರೆ ಇದ್ದ ಪೇಟೆಗೆ ಹನ್ನೊಂದು ಕಿಲೋಮೀಟರ್. ಮೊದಲ ಭಾಗ ಬರೀ ಇಳಿಜಾರು, ಒಂದಾದ ಮೇಲೊಂದು ತಿರುವು. ಆ ದಾರಿಯಲ್ಲಿ ಅವಳು ಹೇಳಿದ ಮಾತೆಲ್ಲ ನನಗೆ ಇವತ್ತಿಗೂ ನೆನಪಿದೆ. ಹೆಚ್ಚೇನೂ ಹೇಳಲಿಲ್ಲ. “ಬ್ರೇಕಿನ ಮೇಲೇ ಕಾಲಿಟ್ಟು ಕೂರಬೇಡ, ಗೇರಿನಲ್ಲಿ ಇಳಿಸು.” “ಬ್ರೇಕು ಹಿಡಿಯದಿದ್ದರೆ ಎರಡು ಸಲ ಒತ್ತು.” “ಗಾಡಿಯ ಮೂತಿ ನೋಡಬೇಡ, ದೂರ ನೋಡು.” ದನಿಯಲ್ಲಿ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಹಳ ದಿನದಿಂದ ಇದೇ ಕೆಲಸ ಮಾಡಿ ದಣಿದವರು ಹೊಸಬರಿಗೆ ಹೇಳಿಕೊಟ್ಟ ಹಾಗಿತ್ತು. ನಾನೂ ಕೇಳುತ್ತಿದ್ದೆ. “ಈಗ ಮೂರನೇ ಗೇರಾ?” “ಬೇಡ, ಇನ್ನೊಂದು ತಿರುವು ಆಗಲಿ.”

ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ರಸ್ತೆ ಕಿರಿದು. ಬಸ್ಸಿನ ಗಾಜು ನನ್ನ ಮುಖಕ್ಕೇ ಬಂದ ಹಾಗಾಯಿತು. ಕಣ್ಣು ಮುಚ್ಚಿಕೊಳ್ಳುವವಳಿದ್ದೆ.

“ಕಣ್ಣು ಬಿಡು. ಅವನು ನಿಲ್ಲಿಸ್ತಾನೆ. ನೀನು ಚರಂಡಿ ಅಂಚು ಹಿಡಿದು ಹೋಗು.”

ಬಸ್ಸು ನಿಂತಿತು. ನಾನು ಚರಂಡಿಯ ಅಂಚು ಹಿಡಿದು ಹೋದೆ. ಕಿಟಕಿಯಿಂದ ಯಾರೋ ಬೈದರು.

ಸೇತುವೆ ದಾಟಿದ ಮೇಲೆ, ಹಿಂದಿನಿಂದ ಅಷ್ಟು ಹೊತ್ತೂ ಕೇಳುತ್ತಿದ್ದ ಆ ಸೀಟಿಯಂಥ ಉಸಿರು ನಿಂತಿತು. ಅಮ್ಮ, “ಅಯ್ಯೋ, ಉಸಿರಾಡ್ತಿಲ್ಲ ಕಣೇ! ನಿಮ್ಮಪ್ಪ ಉಸಿರಾಡ್ತಿಲ್ಲ!” ಎಂದರು. ನನ್ನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೆದ್ದಿತು. ನಿಲ್ಲಿಸಿ ಹಿಂದೆ ತಿರುಗಬೇಕು, ಅಪ್ಪನ ಮುಖ ನೋಡಬೇಕು, ಅಷ್ಟೇ ಮನಸ್ಸಿನಲ್ಲಿದ್ದದ್ದು.

ಗೇರಿನ ಮೇಲಿದ್ದ ಕೈ ನನ್ನ ಕೈಯನ್ನು ಗಟ್ಟಿಯಾಗಿ ಅಮುಕಿತು.

“ತಿರುಗಬೇಡ. ಓಡಿಸು. ಇವತ್ತಲ್ಲ.”

ಓಡಿಸಿದೆ. ಎಷ್ಟು ಹೊತ್ತು ಎಂದು ಹೇಳಲಾರೆ, ಒಂದು ನಿಮಿಷವೂ ಇರಲಿಕ್ಕಿಲ್ಲ. ಹಿಂದಿನಿಂದ ಮರ ಕೊಯ್ದ ಹಾಗೆ ಒಂದು ದೊಡ್ಡ ಶಬ್ದ ಬಂತು. ಅಪ್ಪ ಉಸಿರೆಳೆದರು.

ಆಸ್ಪತ್ರೆಯ ಅಂಗಳದಲ್ಲಿ ಜೀಪು ಒಂದು ಕಂಬಕ್ಕೆ ತಾಗಿ ನಿಂತಿತು. ನಿಲ್ಲಿಸುವುದು ಹೇಗೆಂದು ಅವಳು ಹೇಳಿಕೊಟ್ಟಿರಲಿಲ್ಲ. ಜನ ಓಡಿ ಬಂದರು. ಅಪ್ಪನನ್ನು ಒಳಗೆ ಕೊಂಡೊಯ್ದರು, ಇಂಜೆಕ್ಷನ್ ಕೊಟ್ಟರು, ಮೂಗಿಗೆ ನಳಿಗೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬರು ಡಾಕ್ಟರು ಬಂದು, “ಉಳೀತಾರೆ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು. ಗಾಡಿ ಓಡಿಸಿದ್ದು ಯಾರು?” ಎಂದು ಕೇಳಿದರು. ಅಮ್ಮ ನನ್ನ ಕಡೆ ಕೈ ತೋರಿಸಿದರು.

ಆಗಲೇ ನನಗೆ ಪಾರ್ವತಿ ಅಕ್ಕನ ನೆನಪಾದದ್ದು. ಅವಳು ಒಳಗೆ ಬಂದಿರಲಿಲ್ಲ. ಕಾಲು ನೋವಿನವಳು, ಜೀಪಿನಲ್ಲೇ ಕೂತಿರಬೇಕೆಂದು ಹೊರಗೆ ಬಂದೆ. ನಾಲ್ಕು ಗಂಟೆಯ ಬಿಸಿಲು. ಜೀಪು ಕಂಬಕ್ಕೆ ಒರಗಿ ನಿಂತಿತ್ತು. ಎಡಗಡೆಯ ಸೀಟು ಖಾಲಿ. ಆ ಕಡೆಯ ಬಾಗಿಲಿನ ಚಿಲಕ ಮುರಿದು ತಿಂಗಳುಗಳಾಗಿದ್ದವು. ಡ್ರೈವರ್ ಅದನ್ನು ತೆಂಗಿನ ಹಗ್ಗದಿಂದ ಕಂಬಿಗೆ ಬಿಗಿದು ಕಟ್ಟಿದ್ದ. ಹಗ್ಗ ಹಾಗೆಯೇ ಇತ್ತು. ಗಂಟಿನ ಮೇಲೆ ದಿನಗಟ್ಟಲೆಯ ಧೂಳು ಕೂತು ಗಟ್ಟಿಯಾಗಿತ್ತು. ಆ ಬಾಗಿಲಿನಿಂದ ಯಾರೂ ಹತ್ತಿರಲಿಲ್ಲ, ಇಳಿದಿರಲೂ ಇಲ್ಲ. ಹತ್ತಬೇಕಿದ್ದರೆ ನನ್ನನ್ನೋ, ಹಿಂದಿದ್ದ ಅಪ್ಪ ಅಮ್ಮನನ್ನೋ ದಾಟಿಕೊಂಡೇ ಹತ್ತಬೇಕಿತ್ತು.

ಇನ್ನೊಂದು ವಿಷಯವೂ ಆಗ ಹೊಳೆಯಿತು. ಪಾರ್ವತಿ ಅಕ್ಕ ಹುಟ್ಟಿದಾಗಿನಿಂದ ಸ್ಟೇರಿಂಗ್ ಮುಟ್ಟಿದವಳಲ್ಲ. ಸೈಕಲ್ ಕೂಡ ಬರುತ್ತಿರಲಿಲ್ಲ. ಕ್ಲಚ್ಚು ಎಂಬ ಮಾತೇ ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

ಮರುದಿನ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದಾಗ ಅವಳನ್ನು ಕೇಳಿದೆ. ಅವಳು ನನ್ನ ಕೆನ್ನೆ ಸವರಿ, “ನಾ ಎಲ್ಲಿ ಬಂದೆ ಕಣ್ಣು? ನಾನು ಗೇಟು ತೆಗೀಲಿಕ್ಕೆ ಓಡಿದೆನಲ್ಲ. ನೀನು ನನ್ನ ಮುಂದೇನೇ ಹೋದೆ, ನೋಡಲೂ ಇಲ್ಲ” ಎಂದಳು.

“ಜೀಪಿನಲ್ಲಿ ನನ್ನ ಪಕ್ಕ ಯಾರಿದ್ರು ಅಕ್ಕ?”

“ದೂಳಲ್ಲಿ ನನಗೆ ಕಾಣಿಸ್ಲಿಲ್ಲ” ಎಂದಳು. ಯಾರೂ ಇರಲಿಲ್ಲ ಎಂದು ಹೇಳಲಿಲ್ಲ. ಅದನ್ನು ನಾನು ಗಮನಿಸಿದೆ.

ಅಮ್ಮನನ್ನು ಕೇಳಿದೆ. ಅಮ್ಮ, “ಯಾರಿದ್ರು? ನೀನೇ ಏನೇನೋ ಗೊಣಗ್ತಾ ಇದ್ದೆ. ನೀನೇ ಕೇಳ್ತಿದ್ದೆ, ನೀನೇ ಹೇಳ್ಕೊಳ್ತಿದ್ದೆ. ನಾನು ದೇವರ ಹೆಸರು ಹೇಳ್ತಾ ಇದ್ದೆ, ನಿನ್ನ ತಡೀಲಿಲ್ಲ” ಎಂದರು. ಹಾಗಿದ್ದರೆ ಸರಿ ಎನ್ನಿಸಿತು. ಭಯದಲ್ಲಿ ಮನಸ್ಸು ಏನೆಲ್ಲ ಮಾಡುತ್ತದೆ. ಆ ಜೀಪಿನಲ್ಲಿ ನಾನು ಎಷ್ಟು ಸಾರಿ ಕೂತು ಹೋಗಿಲ್ಲ? ಡ್ರೈವರ್ ಗೇರು ಬದಲಿಸುವುದು, ಬ್ರೇಕನ್ನು ಎರಡು ಸಲ ಒತ್ತುವುದು ನೋಡಿ ನೋಡಿ ಎಲ್ಲೋ ಒಳಗೆ ಉಳಿದಿರಬೇಕು. ನನಗೆ ಗೊತ್ತಿಲ್ಲದೆ ಗೊತ್ತಿದ್ದದ್ದು ಅವತ್ತು ಹೊರಗೆ ಬಂತು. ಹೀಗೆ ನಾನು ನನ್ನನ್ನು ಒಪ್ಪಿಸಿಕೊಂಡೆ.

ಐದನೇ ದಿನ ಅಪ್ಪನ ಮುಖದ ಊತ ಇಳಿದು ಮಾತು ಬಂತು. ಹಾಸಿಗೆಯಲ್ಲಿ ಒರಗಿ ಗಂಜಿ ಕುಡಿಯುತ್ತಾ ಅವರು ಮೊದಲು ಕೇಳಿದ್ದು ಇದು: “ಅವತ್ತು ಮುಂದೆ ನಿನ್ನ ಜೊತೆ ಕೂತಿದ್ದೋರು ಯಾರು ಮಗಾ? ಅವರಿಗೊಂದು ಮಾತು ಹೇಳ್ಬೇಕಲ್ಲ.”

ಅಮ್ಮನ ಕೈಯಲ್ಲಿದ್ದ ಚಮಚ ನಿಂತಿತು. “ಯಾರೂ ಇರ್ಲಿಲ್ಲ ಕಣ್ರೀ, ಇವಳೇ ಮಾತಾಡ್ಕೋತಿದ್ಲು.”

“ಕಣ್ಣು ಮುಚ್ಚಿತ್ತು, ಕಿವಿ ಮುಚ್ಚಿರ್ಲಿಲ್ಲ” ಎಂದರು ಅಪ್ಪ. “ಇಬ್ಬರ ದನಿ.” ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ಗಂಜಿ ಕುಡಿದು ಮುಗಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ. ಪುನುಗಿನ ಬೆಕ್ಕಿನ ಕಾರಣ ಕೊಡುತ್ತಿದ್ದ ಮನುಷ್ಯ. ಇದಕ್ಕೆ ಮಾತ್ರ ಯಾವ ಕಾರಣವನ್ನೂ ಕೊಡಲಿಲ್ಲ.

ಆ ದಿನದಿಂದ ನನ್ನ ಬದುಕು ಬೇರೆಯಾಯಿತು. ಮೂರು ತಿಂಗಳಲ್ಲಿ ಲೈಸೆನ್ಸ್ ತೆಗೆದುಕೊಂಡೆ. ಎಸ್ಟೇಟಿನ ಪಿಕಪ್ ಓಡಿಸಿದೆ, ಶಾಲೆಯ ವ್ಯಾನು ಓಡಿಸಿದೆ, ಈಗ ನನ್ನದೇ ಒಂದು ಜೀಪಿದೆ. ಮಾತಿನ ಭಯ ಯಾವಾಗ ಹೋಯಿತೋ ತಿಳಿಯಲಿಲ್ಲ. ರಸ್ತೆಯಲ್ಲಿ ಲಾರಿಯವರ ಜೊತೆ ಜಗಳವಾಡುವಷ್ಟು ದನಿ ಬಂತು. ನಾಪೋಕ್ಲು ಕಡೆಯಿಂದ, ವಿರಾಜಪೇಟೆ ಕಡೆಯಿಂದ ಮಹಿಳಾ ಸಂಘದವರು, ಕಾಲೇಜಿನವರು ಕರೆಯುತ್ತಾರೆ. ಹೆಜ್ಜೇನಿನ ಕತೆ ಹೇಳುತ್ತೇನೆ. ಎಡಗಡೆ ಕೂತಿದ್ದವಳನ್ನು ಬಿಟ್ಟು ಹೇಳುತ್ತೇನೆ. “ಧೈರ್ಯ ನಮ್ಮೊಳಗೇ ಇರುತ್ತದೆ, ಕಷ್ಟ ಬಂದಾಗ ಎದ್ದು ನಿಲ್ಲುತ್ತದೆ” ಎನ್ನುತ್ತೇನೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ವೇದಿಕೆ ಇಳಿಯುವಾಗ ಪ್ರತಿಸಲವೂ ನನಗೆ ಯಾರದ್ದೋ ವಸ್ತುವನ್ನು ನನ್ನದೆಂದು ತೋರಿಸಿ ಬಂದ ಹಾಗಾಗುತ್ತದೆ. ಅದು ನನ್ನದೇ ಆಗಿದ್ದರೆ ಹೀಗೇಕೆ ಅನ್ನಿಸಬೇಕು?

ಇನ್ನೊಂದು ಮಾತು ನನ್ನನ್ನು ಬಿಡದೆ ಕಾಡಿದೆ. ಗೇರು, ಬ್ರೇಕು, ತಿರುವು, ಇವೆಲ್ಲ ನನ್ನೊಳಗಿದ್ದವು ಎಂದೇ ಇಟ್ಟುಕೊಳ್ಳೋಣ. ‘ಇವತ್ತಲ್ಲ’ ಎಂಬುದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅಪ್ಪ ಹೋದರೆಂದೇ ನಾನು ತಿಳಿದಿದ್ದೆ. ಹಾಗಾದರೆ ಹೇಳಿದವಳಿಗೆ ಯಾವತ್ತು ಎಂಬುದೂ ಗೊತ್ತಿತ್ತೇ? ಮುಂದೆ ವರ್ಷಗಟ್ಟಲೆ, ಅಪ್ಪ ಸಣ್ಣಗೆ ಕೆಮ್ಮಿದರೂ ನನಗೆ ಅದೇ ಯೋಚನೆ. ಒಬ್ಬಳೇ ಗಾಡಿ ಓಡಿಸುವಾಗ ಒಂದೆರಡು ಸಲ ನಾಚಿಕೆ ಬಿಟ್ಟು, “ಯಾವತ್ತು ಹೇಳು” ಎಂದು ಗಟ್ಟಿಯಾಗಿ ಕೇಳಿಯೂ ಇದ್ದೇನೆ. ಎಂಜಿನ್ನಿನ ಶಬ್ದ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಅಪ್ಪ ಆಮೇಲೆ ಒಂಬತ್ತು ವರ್ಷ ಬದುಕಿದರು. ಕೊನೆಗೆ ಬಂದದ್ದು ಶ್ವಾಸಕೋಶದ ಕಾಯಿಲೆ. ಮಡಿಕೇರಿಯಲ್ಲಿ ಹದಿನೈದು ದಿನ ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ನಮಗೆ ತಿಳಿಯಿತು, ಅಪ್ಪನಿಗೂ ತಿಳಿಯಿತು. ಹಿಂದಿನ ಸೀಟಿನಲ್ಲಿ ಮಲಗಿಸೋಣವೆಂದರೆ ಅವರು ಕೇಳಲಿಲ್ಲ. “ಮುಂದೆ ಕೂರ್ತೀನಿ” ಎಂದು ಹಟ ಮಾಡಿದರು. ದಿಂಬು ಇಟ್ಟು ನನ್ನ ಎಡಕ್ಕೆ ಕೂರಿಸಿದೆವು. ಅಮ್ಮ ಹಿಂದೆ ಕೂತರು.

ಮಧ್ಯಾಹ್ನದ ಹೊತ್ತು. ಕಾಫಿ ಹೂವು ಬಿಟ್ಟಿತ್ತು, ದಾರಿಯುದ್ದಕ್ಕೂ ಆ ವಾಸನೆ. ನಾನು ಮೆಲ್ಲಗೆ ಓಡಿಸುತ್ತಿದ್ದೆ. ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದರು. “ಚೆನ್ನಾಗಿ ಓಡಿಸ್ತೀಯ” ಎಂದರು. ಸ್ವಲ್ಪ ದೂರ ಹೋದ ಮೇಲೆ, ಉಸಿರು ಕೂಡಿಸಿಕೊಂಡು, “ಅವತ್ತು ಇಲ್ಲೇ ಕೂತಿದ್ಲಾ?” ಎಂದು ಕೇಳಿದರು.

ಯಾರು ಎಂದು ನಾನು ಕೇಳಲಿಲ್ಲ. “ಹೌದಪ್ಪ” ಎಂದೆ.

ಅವರು ತಲೆಯಾಡಿಸಿದರು, ಸೀಟಿನ ಅಂಚನ್ನು ಬೆರಳಿಂದ ಸವರಿದರು. ಜೀಪು ಬೇರೆ, ಸೀಟು ಬೇರೆ. ಆದರೂ ಸವರಿದರು.

“ನಿಮಗೆ ಯಾರ ದನಿ ಅನ್ನಿಸ್ತು ಅಪ್ಪ?”

“ಗುರುತಿನ ದನಿ” ಎಂದರು.

“ಯಾರದು?”

ಅವರ ಮುಖದಲ್ಲಿ ಸಣ್ಣ ನಗು ಬಂತು. “ಹೇಳಿದ್ರೆ ನೀನು ನಂಬಲ್ಲ. ತಡಿ, ಸುಧಾರಿಸ್ಕೊಂಡು ಹೇಳ್ತೀನಿ” ಎಂದು ಕಣ್ಣು ಮುಚ್ಚಿದರು.

ನಾನು ಕಾದೆ. ಒಂದು ತಿರುವು, ಇನ್ನೊಂದು ತಿರುವು. ಚೆಟ್ಟಳ್ಳಿಯ ಮೊದಲ ಅಂಗಡಿ ಕಾಣುವಷ್ಟರಲ್ಲಿ ಅವರ ತಲೆ ದಿಂಬಿಗೆ ವಾಲಿತ್ತು. ಎಷ್ಟೋ ದಿನದ ಮೇಲೆ ಬಂದ ನಿದ್ದೆ. ಹಿಂದಿನಿಂದ ಅಮ್ಮ, “ಮಲಗಿದ್ದಾರೆ ಕಣೇ, ಅಲುಗಾಡಿಸ್ಬೇಡ” ಎಂದರು. ಆ ನಿದ್ದೆಯಿಂದ ಎದ್ದ ಮೇಲೆ ಅಪ್ಪನಿಗೆ ಮಾತು ಬರಲಿಲ್ಲ. ನಾಲ್ಕನೇ ದಿನ ಹೋದರು.

ಅವತ್ತು ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ, ಭುಜ ಮುಟ್ಟಿ ಎಬ್ಬಿಸಿ ಕೇಳಬಹುದಿತ್ತು. ಕೈ ಮುಂದೆ ಹೋದದ್ದೂ ನಿಜ. ನಿದ್ದೆಯಲ್ಲಿ ಅವರ ಉಸಿರು ಅಷ್ಟು ಹಗುರವಾಗಿ ಬರುತ್ತಿತ್ತು. ನಾನು ಎಬ್ಬಿಸಲಿಲ್ಲ.